ಮನೆ ಮೆಟ್ಟಿಲಿಗೆ ಯಾವ ಮರ? ಟಿಂಬರ್ ಯಾರ್ಡ್‌ಗೆ ಹೋಗೋ ಮುಂಚೆ ಓದ್ಕೊಂಡು ಹೋಗಿ

ಮನೆ ಕಟ್ಟೋರು ಯಾರೇ ಸಿಕ್ಕಿದ್ರೂ ಕೇಳೋ ಪ್ರಶ್ನೆ ಒಂದೇ, ಮೆಟ್ಟಿಲಿಗೆ ಸಾಗವಾನಿ ಹಾಕಿಸ್ಲಾ, ಹೊನ್ನೆ ಹಾಕಿಸ್ಲಾ, ಇಲ್ಲ ಅಕೇಶಿಯಾ ಸಾಕಾ ಅಂತ. ನಾನೂ ಇದನ್ನೇ ಕೇಳ್ಕೊಂಡು ಓಡಾಡಿದವನು. ಶಿವಮೊಗ್ಗ ಕಡೆ ನಮ್ಮ ಮನೆ, ತೋಟದ ಅಂಚಲ್ಲಿ ದಪ್ಪ ದಪ್ಪ ಅಕೇಶಿಯಾ ಇತ್ತು, ಅದನ್ನೇ ಕಡಿಸಿ ಸಾಮಿಲ್ಲಲ್ಲಿ ಸೀಳಿಸಿದ್ವಿ. ಏಪ್ರಿಲ್‌ನಲ್ಲಿ ಕಡಿಸಿದ್ದು, ಆಗಸ್ಟಿಗೆ ಮೆಟ್ಟಿಲಾಗಿ ಕೂತಿತ್ತು. ಕೆಲಸ ಮಾಡಿದ ಆಚಾರ್ರು ಮೊದಲನೇ ದಿನಾನೇ ಹಲಗೆ ಎತ್ತಿ ನೋಡಿ "ಮಾರಾಯ್ರೆ, ಇದು ಇನ್ನೂ ಹಸಿ ಉಂಟು, ಒಂದು ಬೇಸಿಗೆ ಕಾಯಿರಿ" ಅಂದ್ರು. ಗೃಹಪ್ರವೇಶದ ಮುಹೂರ್ತ ಹತ್ರ ಬಂದಿತ್ತು, ನಾವು ಕಾಯ್ಲಿಲ್ಲ. ಮಾರ್ಚ್ ತಿಂಗಳ ಬಿಸಿಲಿಗೆ ಐದು ಮೆಟ್ಟಿಲು ಉದ್ದಕ್ಕೆ ಸೀಳು ಬಿಟ್ಟು, ಎರಡು ತಿರುಚ್ಕೊಂಡು, ಕಾಲಿಟ್ರೆ ಟಕ್ ಟಕ್ ಅಂತ ಶಬ್ದ ಬರೋಕೆ ಶುರುವಾಯ್ತು, ಅಮ್ಮ ರಾತ್ರಿ ಕೆಳಗಿಳಿಯೋಕೇ ಹೆದರ್ತಿದ್ರು. ಎಲ್ಲಾ ಬಿಚ್ಚಿ ಎರಡನೇ ಸಲ ಮಾಡಿಸಿದ್ವಿ. ಆಗ ಕಲಿತದ್ದನ್ನ ಇಲ್ಲಿ ಬರೀತಿದೀನಿ. ಮರದ ಜಾತಿ ಮುಖ್ಯ ಹೌದು, ಆದ್ರೆ ಮರ ಎಷ್ಟು ಒಣಗಿದೆ, ಅದರಲ್ಲಿ ಚೇಗು, ಅಂದ್ರೆ ಒಳಗಿನ ಬಲಿತ ಗಟ್ಟಿ ಭಾಗ, ಎಷ್ಟಿದೆ ಅನ್ನೋದು ಅದಕ್ಕಿಂತ ಮುಖ್ಯ. ಇಷ್ಟನ್ನ ತಲೇಲಿ ಇಟ್ಕೊಂಡು ಮುಂದೆ ಓದಿ.

ಮೊದಲನೇ ಹೆಜ್ಜೆ: ನಿಮ್ಮ ಮೆಟ್ಟಿಲು ಯಾವ ತರದ್ದು ಅಂತ ತೀರ್ಮಾನ ಮಾಡ್ಕೊಳ್ಳಿ

ಮರದ ಮೆಟ್ಟಿಲು ಅಂತ ಎಲ್ಲರೂ ಅಂದ್ರೂ ಮೂರು ಬೇರೆ ಬೇರೆ ವಸ್ತು ಅದು. ಒಂದು, ಆರ್‌ಸಿಸಿ ಮೆಟ್ಟಿಲು ಹಾಕಿ ಅದರ ಮೇಲೆ ಮರದ ಹಲಗೆ ಹೊದಿಸೋದು. ಇಲ್ಲಿ ಭಾರ ಹೊರೋದು ಕಾಂಕ್ರೀಟು, ಮರ ಕಾಲಿಗೆ ಸಿಗೋ ಮೇಲ್ಮೈ ಅಷ್ಟೆ, ಮುಕ್ಕಾಲು ಇಂಚಿಂದ ಒಂದು ಇಂಚು ದಪ್ಪ ಸಾಕು. ಎರಡು, ಕಬ್ಬಿಣದ ಫ್ರೇಮ್ ಮಾಡಿಸಿ ಅದರ ಮೇಲೆ ಹಲಗೆ ಕೂರಿಸೋದು, ಈಗ ಡ್ಯೂಪ್ಲೆಕ್ಸ್ ಮನೆಗಳಲ್ಲಿ ಬಹಳ ನಡೀತಿರೋದು ಇದೇ. ಫ್ರೇಮ್ ಮಾಡೋನು ಪ್ರತಿ ಮೆಟ್ಟಿಲಿಗೂ ಕೆಳಗಡೆ ಆ್ಯಂಗಲ್ ಪಟ್ಟಿ ಕೊಟ್ಟಿದ್ರೆ ಒಂದೂಕಾಲು ಇಂಚು ಸಾಕು, ಬರೀ ಎರಡು ತುದಿಗೆ ಮಾತ್ರ ಆಸರೆ ಇದ್ದು ಮಧ್ಯ ಮೂರೂವರೆ ಅಡಿ ಖಾಲಿ ಇದ್ರೆ ಕೀಸಿ ಆದ್ಮೇಲೆ ಒಂದೂವರೆ ಇಂಚಿಂದ ಎರಡು ಇಂಚು ಬೇಕು, ಇಲ್ಲಾಂದ್ರೆ ಕಾಲಿಟ್ಟಾಗ ಅದುರುತ್ತೆ. ನಾನು ಹೇಳೋದಾದ್ರೆ ಆ್ಯಂಗಲ್ ಪಟ್ಟಿ ಕೊಡಿಸಿ, ಕಬ್ಬಿಣದ ಖರ್ಚು ಸ್ವಲ್ಪ ಜಾಸ್ತಿ ಆದ್ರೂ ಮರದ ಖರ್ಚು ಅದಕ್ಕಿಂತ ಜಾಸ್ತಿ ಕಮ್ಮಿ ಆಗುತ್ತೆ. ಮೂರನೇದು ಪೂರ್ತಿ ಮರದ್ದೇ, ಪಕ್ಕದ ತೊಲೆ, ಹಲಗೆ, ಹ್ಯಾಂಡ್‌ರೈಲ್ ಎಲ್ಲಾ ಮರ, ನಮ್ಮ ಮಲೆನಾಡು ಕರಾವಳಿ ಹಳೇ ಮನೆಗಳಲ್ಲಿ ಉಪ್ಪರಿಗೆಗೆ ಹತ್ತೋ ಮೆಟ್ಟಿಲು ಇದೇ ತರ. ಇದಕ್ಕೆ ತೊಲೆ ಹಾಕೋ ಮರ ಬೇರೆ, ಹಲಗೆ ಮಾಡೋ ಮರ ಬೇರೆ ಇಟ್ಕೊಂಡ್ರೂ ನಡಿಯುತ್ತೆ.

ಇದೇ ಹೊತ್ತಲ್ಲಿ ಅಳತೆನೂ ನಿಕ್ಕಿ ಮಾಡ್ಕೊಳ್ಳಿ. ವಾಸದ ಮನೆಗೆ ಕಾಲಿಡೋ ಜಾಗ 250 ಮಿಲಿಮೀಟರ್‌ಗಿಂತ ಕಮ್ಮಿ ಇರಬಾರದು, ಒಂದೊಂದು ಮೆಟ್ಟಿಲ ಎತ್ತರ 190 ಮಿಲಿಮೀಟರ್ ದಾಟಬಾರದು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿದೆ, ಅದು ಕನಿಷ್ಠ ಮಿತಿ ಅಷ್ಟೆ. ಮನೇಲಿ ವಯಸ್ಸಾದವರು ಇದ್ರೆ 11 ಇಂಚು ಅಗಲ, ಆರೂವರೆ ಇಂಚು ಎತ್ತರದ ಆಸುಪಾಸು ಇಡಿ, ಮಂಡಿ ನೋವಿರೋರಿಗೆ ಆ ಒಂದು ಇಂಚು ಎಷ್ಟು ದೊಡ್ಡದು ಅಂತ ಅವರನ್ನೇ ಕೇಳಿ ನೋಡಿ. ಒಂದು ವಿಷಯ ಬಹಳ ಜನ ಮರೀತಾರೆ, ಕಾಂಕ್ರೀಟ್ ಹಾಕುವಾಗಲೇ ಮರದ ದಪ್ಪ ಲೆಕ್ಕಕ್ಕೆ ತಗೋಬೇಕು. ಆಮೇಲೆ ಹಲಗೆ ಹೊದಿಸಿದ್ರೆ ಮೊದಲನೇ ಮೆಟ್ಟಿಲು ಒಂದು ಇಂಚು ಎತ್ತರ ಆಗುತ್ತೆ, ಕೊನೇ ಮೆಟ್ಟಿಲು ಒಂದು ಇಂಚು ತಗ್ಗು ಆಗುತ್ತೆ, ಹಂಗೆ ಸಮ ಇಲ್ಲದ ಕಡೆಯೇ ಜನ ಎಡವೋದು.

ಎರಡನೇ ಹೆಜ್ಜೆ: ನಿಮ್ಮೂರಿನ ಗಾಳಿ ನೋಡಿ

ಮರ ಕಡಿದ ಮೇಲೂ ಗಾಳಿಯ ತೇವ ಕುಡೀತಾ ಬಿಡ್ತಾ ಇರುತ್ತೆ. ಮಂಗಳೂರು, ಕುಂದಾಪುರ, ಆಗುಂಬೆ ಸುತ್ತಮುತ್ತ ಜೂನ್‌ನಿಂದ ಸೆಪ್ಟೆಂಬರ್ ತನಕ ಉಪ್ಪಿನ ಡಬ್ಬಿ ಕೂಡ ನೀರಾಗುತ್ತೆ, ಮರ ಉಬ್ಬುತ್ತೆ. ಮತ್ತೆ ಮಾರ್ಚ್ ಏಪ್ರಿಲ್‌ಗೆ ಒಣಗಿ ಕುಗ್ಗುತ್ತೆ. ಸಾಗವಾನಿ ಅಷ್ಟು ಒಳ್ಳೇ ಮರ ಆದ್ರೂನೂ 11 ಇಂಚಿನ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಎರಡ್ಮೂರು ಮಿಲಿಮೀಟರ್ ಅಗಲ ಹೆಚ್ಚುಕಮ್ಮಿ ಆಗೋದು ಸಹಜ, ಜಾಸ್ತಿ ಓಡಾಡೋ, ಅಂದ್ರೆ ಉಬ್ಬಿ ಕುಗ್ಗೋ ಮರ ಆದ್ರೆ ಇನ್ನೂ ಹೆಚ್ಚು. ಬೆಂಗಳೂರು ಮೈಸೂರಲ್ಲಿ ಈ ಏರಿಳಿತ ಕಮ್ಮಿ. ಕಲಬುರಗಿ, ರಾಯಚೂರು ಕಡೆ ತೊಂದರೆ ಉಲ್ಟಾ, ಕರಾವಳಿಯಲ್ಲಿ ಒಣಗಿಸಿದ ಮರ ಅಲ್ಲಿಗೆ ತಗೊಂಡು ಹೋಗಿ ತಕ್ಷಣ ಕೂರಿಸಿದ್ರೆ ಬಿಸಿಲಿಗೆ ಇನ್ನೂ ಒಣಗಿ ಸಂದಿ ಬಿಟ್ಕೊಳ್ಳುತ್ತೆ. ಆಮೇಲೆ ಗೆದ್ದಲು. ಮಲೆನಾಡಲ್ಲಿ, ಕೆಂಪು ಮಣ್ಣಿನ ಜಾಗದಲ್ಲಿ ಮನೆ ಇದ್ರೆ ಮರ ನೆಲ ಮುಟ್ಟದಂಗೆ ಕೆಳಗಿನ ಮೊದಲ ಮೆಟ್ಟಿಲು ಕಲ್ಲಿಂದೇ ಮಾಡಿಸಿ, ಹಳೇ ಮನೆಗಳಲ್ಲಿ ಒಂದು ಕಲ್ಲಿನ ಮೆಟ್ಟಿಲಿಟ್ಟು ಅದರ ಮೇಲಿಂದ ಮರ ಶುರು ಮಾಡ್ತಿದ್ರು.

ಮೂರನೇ ಹೆಜ್ಜೆ: ಮರಗಳನ್ನ ಪರಿಚಯ ಮಾಡ್ಕೊಳ್ಳಿ

ಸಾಗವಾನಿ, ತೇಗ, ಟೀಕ್, ಯಾವ ಹೆಸರಲ್ಲಿ ಕರೆದ್ರೂ ಮೊದಲನೇ ಸಾಲು ಇದರದ್ದೇ. ಮರದೊಳಗೇ ಎಣ್ಣೆ ಅಂಶ ಇದೆ, ಅದಕ್ಕೇ ಗೆದ್ದಲು ಹತ್ತಿರ ಬರೋದು ಕಮ್ಮಿ, ನೀರಿಗೂ ಜಗ್ಗಲ್ಲ, ಒಣಗಿದ ಮೇಲೆ ಡೊಂಕಾಗೋದೂ ಕಮ್ಮಿ. ತೀರಾ ಗಟ್ಟಿ ಮರ ಏನಲ್ಲ, ಮಧ್ಯಮ, ಆದ್ರೆ ಮೆಟ್ಟಿಲಿಗೆ ಧಾರಾಳ ಸಾಕು. ತೊಂದರೆ ಇರೋದು ಹೆಸರಲ್ಲಿ. ಅಂಗಡೀಲಿ ಎಲ್ಲವೂ ಬರ್ಮಾ ಟೀಕ್ ಆಗಿರುತ್ತೆ. ಮ್ಯಾನ್ಮಾರ್ ಸರ್ಕಾರ 2014ರ ಏಪ್ರಿಲ್‌ನಿಂದಲೇ ದಿಮ್ಮಿ ರಫ್ತು ನಿಲ್ಲಿಸಿದೆ, ಹಾಗಾಗಿ ಯಾರ್ಡಲ್ಲಿ ಬಿದ್ದಿರೋ ದಿಮ್ಮಿ ತೋರಿಸಿ ಇದು ಮೊನ್ನೆ ಬರ್ಮಾದಿಂದ ಬಂತು ಅಂದ್ರೆ ಕಾಗದ ತೋರಿಸಿ ಅಂತ ಕೇಳಿ. ಈಗ ಬರ್ತಿರೋ ಆಮದು ತೇಗ ಬಹಳಷ್ಟು ಘಾನಾ, ತಾಂಜಾನಿಯಾ, ಈಕ್ವೆಡಾರ್ ತರದ ದೇಶಗಳ ಪ್ಲಾಂಟೇಶನ್ ಮರ. ಅದು ಕೆಟ್ಟದ್ದು ಅಂತಲ್ಲ. ಚಿಕ್ಕ ವಯಸ್ಸಿನ ಮರ ಆದ್ರೆ ಬಿಳಿ ಭಾಗ ಜಾಸ್ತಿ ಇರುತ್ತೆ, ಅದನ್ನ ತೆಗೆಸಿದ್ರೆ ಚೇಗು ಚೇಗೇ. ನಮ್ಮ ದಾಂಡೇಲಿ ಸಾಗವಾನಿಗೆ ಮರ್ಯಾದೆ ಜಾಸ್ತಿ, ಅರಣ್ಯ ಇಲಾಖೆ ಡಿಪೋದಲ್ಲಿ ಹರಾಜಲ್ಲಿ ಸಿಗುತ್ತೆ, ಆದ್ರೆ ಒಂದು ಮನೆ ಮೆಟ್ಟಿಲಿಗೆ ಬೇಕಾದ ಹತ್ತು ಹನ್ನೆರಡು ಘನ ಅಡಿಗೋಸ್ಕರ ಹರಾಜಿಗೆ ಹೋಗೋದು ಕಷ್ಟ, ಬಾಗಿಲು ಕಿಟಕಿಗೂ ಸೇರಿಸಿ ಪೂರ್ತಿ ಮನೆಗೆ ತಗೊಳೋದಾದ್ರೆ ಯೋಚನೆ ಮಾಡಿ.

ಹೊನ್ನೆ ನಂಗೆ ಬಹಳ ಇಷ್ಟದ ಮರ. ಸಾಗವಾನಿಗಿಂತ ಗಟ್ಟಿ, ಭಾರ, ಬಣ್ಣ ಚಿನ್ನದ ಕಂದು, ಗೆದ್ದಲಿಗೂ ಒಳ್ಳೇ ತಡೆ. ಇದೇ ಮರದ ಲೋಟದಲ್ಲಿ ನೀರಿಟ್ಟು ಸಕ್ಕರೆ ಕಾಯಿಲೆಯವರು ಕುಡೀತಾರಲ್ಲ, ಆ ನೀರು ಹಳದಿಯಾಗಿ ನೀಲಿ ಛಾಯೆ ಬರುತ್ತೆ. ಅದೇ ಗುಣ ಮೆಟ್ಟಿಲಲ್ಲಿ ಕೈಕೊಡುತ್ತೆ, ಪಾಲಿಶ್ ಮಾಡೋ ಮುಂಚೆ ಹಲಗೆ ಮೇಲೆ ನೀರು ಬಿದ್ರೆ ಹಳದಿ ಬಣ್ಣ ಇಳಿದು ಬಿಳಿ ಗೋಡೆ, ಬಿಳಿ ಟೈಲ್ಸು ಎಲ್ಲಾ ಕಲೆ. ಗೋಡೆ ಕೆಲಸ ಪೂರ್ತಿ ಮುಗಿದು ನೀರು ಹಾಕೋದು ನಿಂತ ಮೇಲೇ ಹೊನ್ನೆ ಹಲಗೆ ಒಳಗೆ ತನ್ನಿ, ತಂದ ಕೂಡ್ಲೆ ತೇವ ಒಳಗೆ ಹೋಗದಂಗೆ ತಡೆಯೋ ಸೀಲರ್ ಒಂದು ಕೋಟ್ ಹೊಡಿಸಿ.

ಮತ್ತಿ, ಅದರಲ್ಲೂ ಕರಿಮತ್ತಿ, ಇನ್ನೂ ಭಾರ ಇನ್ನೂ ಗಟ್ಟಿ. ಕಾಡಲ್ಲಿ ಮೊಸಳೆ ಚರ್ಮದಂಗೆ ತೊಗಟೆ ಇರೋ ಮರ ನೋಡಿರ್ತೀರ, ಅದೇ. ಗಾಢ ಕಂದು ಬಣ್ಣದಲ್ಲಿ ಕಪ್ಪು ಗೀರು, ಪಾಲಿಶ್ ಮಾಡಿದ್ರೆ ಬೀಟೆ ಹತ್ತಿರ ಹತ್ತಿರ ಕಾಣುತ್ತೆ. ಆದ್ರೆ ಒಣಗುವಾಗ ಸೀಳೋ ಬುದ್ಧಿ, ಅವಸರ ಮಾಡಿದ್ರೆ ತುದಿಯಿಂದ ಬಿರುಕು ಓಡುತ್ತೆ. ನಿಧಾನವಾಗಿ ಒಣಗಿದ್ದು ಸಿಕ್ಕಿದ್ರೆ ಮಾತ್ರ ಹಲಗೆಗೆ ತಗೊಳ್ಳಿ, ಇಲ್ಲಾಂದ್ರೆ ತೊಲೆಗೆ ಬಳಸಿ. ಕರಾವಳಿಯವರಿಗೆ ಕಿರಾಲುಬೋಗಿ ಗೊತ್ತಿರುತ್ತೆ, ಇವೆಲ್ಲಕ್ಕಿಂತ ಗಟ್ಟಿ, ರೈಲ್ವೆ ಸ್ಲೀಪರಿಗೆ ಹಾಕ್ತಿದ್ದ ಮರ. ಮೊಳೆ ಹೊಡೆಯೋಕಾಗಲ್ಲ, ಮೊದಲು ತೂತು ಕೊರೆದೇ ಸ್ಕ್ರೂ ಹಾಕಬೇಕು, ಕೆಲಸ ಮಾಡೋರು ಕೂಲಿ ಜಾಸ್ತಿ ಕೇಳ್ತಾರೆ, ಕೇಳೋದು ನ್ಯಾಯವೇ. ಹಳೇ ಮನೆ ಕೆಡವಿದ ಕಡೆ ಸಿಕ್ಕಿದ್ರೆ ಬಿಡಬೇಡಿ.

ಹಲಸು ಬಗ್ಗೆ ಪೇಟೆಯವರು ಯೋಚನೆನೇ ಮಾಡಲ್ಲ, ಅದು ಬೇಜಾರಿನ ಸಂಗತಿ. ಕಡಿದಾಗ ಅರಿಶಿನ ಬಣ್ಣ, ವರ್ಷ ಕಳೆದಂಗೆ ಜೇನುತುಪ್ಪದ ಕಂದಿಗೆ ತಿರುಗುತ್ತೆ, ಬಲಿತ ಚೇಗಿಗೆ ಗೆದ್ದಲು ಬರೋದು ಕಮ್ಮಿ, ವೀಣೆ ಮಾಡೋದೂ ಇದರಲ್ಲೇ, ನಮ್ಮ ಕಡೆ ದೇವರ ಮಂಟಪ ಬಾಗಿಲು ಎಲ್ಲಾ ಇದರದ್ದೇ. ಹಿತ್ತಲಲ್ಲಿ ಹಳೇ ಮರ ಒಣಗಿ ನಿಂತಿದ್ರೆ ಅಗಲವಾದ ಹಲಗೆ ಸಿಗುತ್ತೆ. ಸಾಗವಾನಿಯಷ್ಟು ನೀರು ತಡೆಯಲ್ಲ, ಮೆಟ್ಟಿಲ ಅಂಚು ಸವೆಯೋದು ಸ್ವಲ್ಪ ಬೇಗ, ಅದಕ್ಕೆ ಮುಂಭಾಗದ ಅಂಚು ದಪ್ಪ ಇಟ್ಟು ದುಂಡಗೆ ಮಾಡಿಸಿ. ಹೆಬ್ಬಲಸು ಇದರ ಅಣ್ಣ ಇದ್ದಂಗೆ, ದೋಣಿ ಕಟ್ಟೋ ಮರ, ನೀರಿಗೆ ಇನ್ನೂ ಒಳ್ಳೇದು, ಒಂದೇ ಬಣ್ಣದಲ್ಲಿ ನೇರ ನಾರು ಬರುತ್ತೆ, ಸಿಕ್ಕಿದ್ರೆ ಕಣ್ಣು ಮುಚ್ಚಿ ತಗೋಬಹುದು.

ಅಕೇಶಿಯಾ. ನಮಗೆ ಕೈಕೊಟ್ಟ ಮರ, ಆದ್ರೂ ಅದನ್ನ ಬೈಯೋದು ತಪ್ಪು. ಒಳಗಿನ ಕಂದು ಚೇಗು ಗಟ್ಟಿ ಇದೆ, ಗೀರು ಚೆಂದ, ರೇಟು ಕಮ್ಮಿ, ನೆಟ್ಟು ಬೆಳೆದ ಮರ ಆದ್ದರಿಂದ ಕಾಡು ಕಡಿದಂಗೂ ಆಗಲ್ಲ. ಒಳಗೆ ಬೆಳವಣಿಗೆಯ ಒತ್ತಡ ಜಾಸ್ತಿ, ಸೀಳಿದ ಕೂಡ್ಲೆ ಹಲಗೆ ಬಿಲ್ಲಿನಂಗೆ ಬಾಗುತ್ತೆ, ಅದಕ್ಕೆ ದಪ್ಪಕ್ಕೆ ಸೀಳಿಸಿ, ವರ್ಷ ಒಣಗಿಸಿ, ಆಮೇಲೆ ಕೀಸಿ ನೇರ ಮಾಡ್ಕೋಬೇಕು. ಅಗಲದ ಹಲಗೆ ಆಸೆ ಬಿಡಿ, ಮೂರ್ನಾಲ್ಕು ಇಂಚಿನ ಪಟ್ಟಿ ಸೇರಿಸಿ ಅಂಟಿಸಿದ್ರೆ ನಿಲ್ಲುತ್ತೆ. ನಮ್ಮನೇಲಿ ಎರಡನೇ ಸಲ ಹಾಕಿದ್ದು ಹೊನ್ನೆ, ಆದ್ರೆ ಉಳಿದಿದ್ದ ಅದೇ ಅಕೇಶಿಯಾ ಹಲಗೆ ಎರಡು ವರ್ಷ ಕೊಟ್ಟಿಗೆ ಅಟ್ಟದಲ್ಲಿ ಒಣಗಿ ಈಗ ನನ್ನ ಟೇಬಲ್ ಆಗಿದೆ, ಒಂದು ಕೂದಲಷ್ಟು ಬಿರುಕಿಲ್ಲ.

ಸಿಲ್ವರ್ ಓಕ್ ವಿಷಯದಲ್ಲಿ ಎಚ್ಚರ ಇರಲಿ. ಕೊಡಗು ಚಿಕ್ಕಮಗಳೂರು ಕಾಫಿ ತೋಟದಲ್ಲಿ ನೆರಳಿಗೆ ಇರೋ ಮರ, ಹೆಸರಲ್ಲಿ ಓಕ್ ಇದೆ ಅಷ್ಟೆ, ವಿದೇಶಿ ಓಕ್ ಮರಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಗುರ, ಹುಳಕ್ಕೆ ಬೇಗ ಬಲಿ. ಎರಡು ಮೆಟ್ಟಿಲ ನಡುವೆ ಎದುರಿಗೆ ನೇರ ನಿಲ್ಲೋ ರೈಸರ್ ಪಟ್ಟಿಗೆ ಟ್ರೀಟ್‌ಮೆಂಟ್ ಮಾಡಿಸಿ ಹಾಕಬಹುದು, ಕಾಲಿಡೋ ಹಲಗೆಗೆ ಬೇಡ. ರಬ್ಬರ್ ಮರ ಸುಳ್ಯ ಪುತ್ತೂರು ಕಡೆ ಬೇಕಾದಷ್ಟಿದೆ, ಸಣ್ಣ ತುಂಡುಗಳನ್ನ ಜೋಡಿಸಿ ಅಂಟಿಸಿದ ಫಿಂಗರ್ ಜಾಯಿಂಟ್ ಬೋರ್ಡಾಗಿ ಬರುತ್ತೆ, ಬೋರಾನ್ ಟ್ರೀಟ್‌ಮೆಂಟ್ ಆಗಿರೋದೇ ಆಗಬೇಕು ಇಲ್ಲಾಂದ್ರೆ ಕುಟ್ಟೆ, ಅಂದ್ರೆ ಮರ ಕೊರೆಯೋ ಹುಳ, ಹಿಡಿದು ಹಿಟ್ಟು ಉದುರುತ್ತೆ. ಒಳಗಡೆ ಒಣ ಜಾಗಕ್ಕೆ, ಕಮ್ಮಿ ಬಜೆಟ್ಟಿಗೆ ಪರವಾಗಿಲ್ಲ, ಒದ್ದೆ ಬಟ್ಟೇಲಿ ದಿನಾ ಒರೆಸೋ ಮನೆಗೆ ಬೇಡ. ಮಾವು ಬೇಡವೇ ಬೇಡ. ಪೈನ್ ಮರ ಉಗುರಲ್ಲಿ ಒತ್ತಿದ್ರೆ ಗುರುತು ಬೀಳುತ್ತೆ, ಮೆಟ್ಟಿಲಿಗೆ ಮೃದು ಆಯ್ತು. ಮಲೇಷಿಯನ್ ಸಾಲ್ ಬಾಗಿಲ ಚೌಕಟ್ಟಿಗೆ ಎಲ್ಲರೂ ಹಾಕ್ತಾರೆ, ಗಟ್ಟಿ ಭಾರ ಎರಡೂ ಇದೆ, ತೊಲೆಗೆ ಓಕೆ, ಹಲಗೆ ಮೇಲ್ಮೈಯಲ್ಲಿ ಸಣ್ಣ ಸಣ್ಣ ಬಿರುಕು ಬರ್ತಾ ಇರುತ್ತೆ. ಬೀಟೆ ಬಗ್ಗೆ ಕೇಳೋರಿಗೆ ಒಂದೇ ಮಾತು, ಅಷ್ಟು ದುಡ್ಡಿನ ಮರವನ್ನ ಕಾಲಲ್ಲಿ ಸವೆಸಬೇಡಿ, ಕಾನೂನಿನ ಕಟ್ಟುಪಾಡೂ ಬಿಗಿ ಇದೆ.

ಬೆಂಗಳೂರಲ್ಲಿ ಆ್ಯಶ್, ವೈಟ್ ಓಕ್, ಸ್ಟೀಮ್ ಬೀಚ್ ಅಂತ ಆಮದು ಮರ ತೋರಿಸ್ತಾರೆ. ಅವು ಫ್ಯಾಕ್ಟರಿ ಗೂಡಲ್ಲಿ ಒಣಗಿಸಿ ಬರೋದ್ರಿಂದ ನೇರ ಇರುತ್ತೆ, ತಿಳಿ ಬಣ್ಣ ಬೇಕು ಅನ್ನೋರಿಗೆ ಒಳ್ಳೇದು. ಬೀಚ್ ಗಟ್ಟಿ ಆದ್ರೂ ತೇವಕ್ಕೆ ಬಹಳ ಉಬ್ಬುತ್ತೆ, ಗೆದ್ದಲಿಗೆ ಬೇಗ ಸಿಗುತ್ತೆ, ಹ್ಯಾಂಡ್‌ರೈಲಿಗೆ ಚೆನ್ನಾಗಿದೆ, ಕರಾವಳಿ ಮೆಟ್ಟಿಲಿಗೆ ನಾನು ಹೇಳಲ್ಲ. ಪ್ಲೈವುಡ್ ಮೇಲೆ ವೆನೀರ್ ಅನ್ನೋ ತೆಳು ಮರದ ಹಾಳೆ ಅಂಟಿಸೋದು ಇನ್ನೊಂದು ದಾರಿ. ವೆನೀರ್ ಅರ್ಧ ಮಿಲಿಮೀಟರ್ ಹತ್ತಿರ ಇರುತ್ತೆ, ಕಾಲು ಉಜ್ಜೋ ಅಂಚಲ್ಲಿ ಬೇಗ ಕಿತ್ತು ಬರುತ್ತೆ, ಮಾಡಿಸೋದೇ ಆದ್ರೆ ಐಎಸ್ 710 ಗುರುತಿನ, ಅಂದ್ರೆ ನೀರು ತಡೆಯೋ ಮರೀನ್ ಪ್ಲೈ ತಗೊಂಡು ಮುಂದಿನ ಎರಡು ಇಂಚು ಅಂಚು (ನೋಸಿಂಗ್) ಮಾತ್ರ ಗಟ್ಟಿ ಮರದ್ದು ಹಾಕಿಸಿ.

ಹಳೇ ಮನೆ ಮರ ಅನ್ನೋದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೇ ಆಯ್ಕೆ. ಐವತ್ತು ಅರವತ್ತು ವರ್ಷ ಹಂಚಿನ ಮಾಡಿನ ಕೆಳಗೆ ತೊಲೆಯಾಗಿ ಕೂತಿದ್ದ ಮರ ಓಡಾಡಬೇಕಾದಷ್ಟು ಓಡಾಡಿ ಸುಮ್ಮನಾಗಿರುತ್ತೆ. ಮೊಳೆ ಎಷ್ಟಿದೆ ನೋಡಿ, ಸಾಮಿಲ್ಲಿನವನು ಮೊಳೆ ಇರೋ ಮರ ಮುಟ್ಟಲ್ಲ, ಒಂದು ಆಯಸ್ಕಾಂತ ಹಿಡ್ಕೊಂಡು ಉದ್ದಕ್ಕೂ ಸವರಿ ತೆಗೆಸಿ. ಸ್ಕ್ರೂಡ್ರೈವರ್ ತುದೀಲಿ ಅಲ್ಲಲ್ಲಿ ಚುಚ್ಚಿ, ಟೊಳ್ಳು ಶಬ್ದ ಬಂದ್ರೆ ಒಳಗೆ ಗೆದ್ದಲು ತಿಂದಿದೆ.

ನಾಲ್ಕನೇ ಹೆಜ್ಜೆ: ಯಾರ್ಡಲ್ಲಿ ನಿಂತು ಪರೀಕ್ಷೆ ಮಾಡಿ

ಇದಕ್ಕೆ ಸಮಯ ಕೊಡಿ, ಅರ್ಧ ದಿನ ಹೋದ್ರೂ ಪರವಾಗಿಲ್ಲ. ಮೊದಲು ಹಲಗೆ ತುದಿ ನೋಡಿ, ಕಂದು ಭಾಗ ಚೇಗು, ಹೊರಗಿನ ಬಿಳಿ ಪಟ್ಟಿಯನ್ನೇ ಹುಳ ಮೊದಲು ತಿನ್ನೋದು. ಎಷ್ಟೇ ದೊಡ್ಡ ಹೆಸರಿನ ಮರ ಆಗಲಿ ಅದರ ಬಿಳಿ ಭಾಗಕ್ಕೆ ಆಯಸ್ಸಿಲ್ಲ. ಕೆಲವರು ಬಣ್ಣ ಹಚ್ಚಿ ಬಿಳಿನ ಮುಚ್ಚಿರ್ತಾರೆ, ಅನುಮಾನ ಬಂದ್ರೆ ಮೂಲೇಲಿ ಕೀಸುಳಿ ಒಂದು ಸಲ ಎಳೆಸಿ ನೋಡಿ. ಸಣ್ಣ ಸೂಜಿ ತೂತು, ಕೆಳಗೆ ಹಿಟ್ಟು ಕಂಡ್ರೆ ಆ ಲಾಟೇ ಬಿಡಿ. ಹಲಗೇನ ಕಣ್ಣಿನ ನೇರಕ್ಕೆ ಹಿಡಿದು ಉದ್ದಕ್ಕೆ ನೋಡಿ, ತಿರುಚಿದ್ದು ಗೊತ್ತಾಗುತ್ತೆ. ಗಂಟು ಇದ್ರೆ ತಪ್ಪಲ್ಲ, ಮುಂಭಾಗದ ಅಂಚಲ್ಲಿ ಇರಬಾರದು ಅಷ್ಟೆ.

ತೂಕ ಹಾಕೋದು ಒಳ್ಳೇ ಉಪಾಯ. ಒಣಗಿದ ಸಾಗವಾನಿ ಒಂದು ಘನ ಅಡಿಗೆ, ಅಂದ್ರೆ ಒಂದು ಸಿಎಫ್‌ಟಿಗೆ ಸುಮಾರು 18ರಿಂದ 19 ಕೆಜಿ ಬರುತ್ತೆ. ಹಲಗೆ ಅಳತೆ ಹಾಕಿ, ತೂಕ ಹಾಕಿ, 24–25 ಕೆಜಿ ಲೆಕ್ಕ ಬಂದ್ರೆ ಒಂದೋ ಅದು ಹಸಿ, ಇಲ್ಲ ಸಾಗವಾನಿನೇ ಅಲ್ಲ. ಒಣಗಿದ ಮತ್ತಿ ಹೊನ್ನೆ ಸಹಜವಾಗೇ 22–25 ಕೆಜಿ ಹತ್ತಿರ ಇರುತ್ತೆ.

ತೇವ ನೋಡೋಕೆ ಎರಡು ಮುಳ್ಳಿನ ಮಾಯ್ಶ್ಚರ್ ಮೀಟರ್ ಸಿಗುತ್ತೆ, ಆನ್‌ಲೈನಲ್ಲೂ ಇದೆ, ಮನೆ ಕಟ್ಟೋರು ಒಂದು ತಗೊಳ್ಳಲೇಬೇಕು ಅಂತ ನಾನು ಹೇಳ್ತೀನಿ. ಹಲಗೆ ಮೇಲ್ಮೈಗೆ ಚುಚ್ಚಬೇಡಿ, ಹೊರಗೆ ಒಣಗಿ ಒಳಗೆ ಹಸಿ ಇರುತ್ತೆ, ತುದಿಯಿಂದ ಒಂದಡಿ ಕತ್ತರಿಸಿ ಆ ಹೊಸ ಮುಖಕ್ಕೆ ಚುಚ್ಚಿ. ಬೆಂಗಳೂರು ಮೈಸೂರಿಗೆ ನೂರಕ್ಕೆ 10–12, ಕರಾವಳಿ ಮಲೆನಾಡಿಗೆ 12–14, ಬಯಲುಸೀಮೆ ಒಣ ಜಾಗಕ್ಕೆ 8–10 ಇದ್ರೆ ಧೈರ್ಯವಾಗಿ ತಗೊಳ್ಳಿ. 18 ದಾಟಿದ್ರೆ ಅದು ಮೆಟ್ಟಿಲಾಗೋಕೆ ಇನ್ನೂ ರೆಡಿ ಇಲ್ಲ. ಮೀಟರ್ ಇಲ್ಲಾಂದ್ರೆ ಮನೇಲೇ ಮಾಡಬಹುದು, ಹಲಗೆ ಮಧ್ಯದಿಂದ ಒಂದು ಬೆರಳುದ್ದದ ತುಂಡು ಕತ್ತರಿಸಿ ಅಡುಗೆ ತಕ್ಕಡೀಲಿ ತೂಗಿ, ಓಟಿಜಿ ಓವನ್ನಲ್ಲಿ 100 ಡಿಗ್ರಿ ಆಸುಪಾಸಲ್ಲಿ ತೂಕ ಇಳಿಯೋದು ನಿಲ್ಲೋ ತನಕ ಒಣಗಿಸಿ, ಪಕ್ಕದಲ್ಲೇ ಇದ್ದು ನೋಡ್ಕೊಳ್ಳಿ. 236 ಗ್ರಾಂ ಇದ್ದದ್ದು 210ಕ್ಕೆ ನಿಂತ್ರೆ, ಹೋದ ನೀರು 26 ಗ್ರಾಂ, 210ಕ್ಕೆ ಭಾಗಿಸಿದ್ರೆ ನೂರಕ್ಕೆ 12ಕ್ಕಿಂತ ಸ್ವಲ್ಪ ಜಾಸ್ತಿ. ಇಷ್ಟೇ ಲೆಕ್ಕ.

ನಿಮ್ಮದೇ ಮರ ಸೀಳಿಸೋರಿಗೆ ಒಂದು ಮಾತು. ಇಂಚಿಗೆ ಒಂದು ವರ್ಷ ಅನ್ನೋ ಹಳೇ ಲೆಕ್ಕ ಇಟ್ಕೊಳ್ಳಿ. ಹಲಗೆ ನಡುವೆ ಒಂದೊಂದು ಇಂಚಿನ ಪಟ್ಟಿ ಕೊಟ್ಟು, ನೆಲದಿಂದ ಒಂದಡಿ ಮೇಲೆ, ನೆರಳಲ್ಲಿ ಗಾಳಿ ಆಡೋ ಕಡೆ ಪೇರಿಸಿ, ಎರಡೂ ತುದಿಗೆ ಹಳೇ ಪೇಂಟ್ ಬಳಿಯಿರಿ, ತುದಿಯಿಂದಲೇ ನೀರು ಬೇಗ ಆರಿ ಸೀಳು ಬಿಡೋದು ಅದಕ್ಕೆ. ನಮ್ಮ ಹಿರಿಯರು ದಿಮ್ಮೀನ ಕೆರೆಯಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡ್ತಿದ್ರು, ಒಳಗಿನ ಹಿಟ್ಟಿನಂಶ ನೀರಿಗೆ ಇಳಿದು ಹೋದ್ರೆ ಕುಟ್ಟೆಗೆ ತಿನ್ನೋಕೆ ಏನೂ ಉಳಿಯಲ್ಲ, ಬಹಳ ತಿಳುವಳಿಕೆಯ ಕೆಲಸ ಅದು. ಟೈಮ್ ಇಲ್ಲಾಂದ್ರೆ ದುಡ್ಡು ಕೊಟ್ಟು ಮರ ಒಣಗಿಸೋ ಸೀಸನಿಂಗ್ ಪ್ಲಾಂಟಿಗೆ ಹಾಕಿಸಿ, ಕೆಲವು ವಾರದಲ್ಲಿ ಆಗುತ್ತೆ.

ಐದನೇ ಹೆಜ್ಜೆ: ಲೆಕ್ಕ, ಬಿಲ್ಲು

ಸಿಎಫ್‌ಟಿ ಲೆಕ್ಕ ನೀವೇ ಹಾಕ್ಕೊಳ್ಳಿ. ಉದ್ದ ಅಡಿಯಲ್ಲಿ, ಅಗಲ ದಪ್ಪ ಇಂಚಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ಮೂರೂವರೆ ಅಡಿ ಉದ್ದ, 11 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಒಂದು ಹಲಗೆ 0.40 ಸಿಎಫ್‌ಟಿ. ಹತ್ತು ಅಡಿ ಎತ್ತರ ಹತ್ತೋ 17 ಹಲಗೆಗೆ 6.8. ಮುಕ್ಕಾಲು ಇಂಚಿನ ರೈಸರ್ 18 ಪಟ್ಟಿಗೆ ಹತ್ತಿರ ಹತ್ತಿರ 2. ಒಟ್ಟು 8.8, ವೇಸ್ಟೇಜ್ ಕಾಲು ಭಾಗ ಸೇರಿಸಿ 11 ಸಿಎಫ್‌ಟಿ ಇಟ್ಕೊಳ್ಳಿ, ಲ್ಯಾಂಡಿಂಗ್ ಇದ್ರೆ ಅದು ಬೇರೆ. ನೆನಪಿರಲಿ, ಒಂದೂವರೆ ಇಂಚಿನ ಹಲಗೆ ಎರಡೂ ಕಡೆ ಕೀಸಿದ್ರೆ ಒಂದೂಕಾಲಿಗೆ ಇಳಿಯುತ್ತೆ. ಕೊನೆಗೆ ಒಂದೂವರೆ ಬೇಕಿದ್ರೆ ಒಂದೂಮುಕ್ಕಾಲು ತಗೋಬೇಕು. ಉದ್ದ ಅಗಲ ಜಾಸ್ತಿ ಆದಷ್ಟೂ ಅಡಿ ರೇಟೂ ಏರುತ್ತೆ, ಹಾಗಾಗಿ 11 ಇಂಚಿನ ಒಂದೇ ಹಲಗೆ ಕೇಳೋ ಬದಲು ನಾಲ್ಕಿಂಚಿನ ಮೂರು ಪಟ್ಟಿ ಜೋಡಿಸಿ ಮಾಡಿಸಿ, ದುಡ್ಡೂ ಉಳಿಯುತ್ತೆ, ದೋಣಿಯಂಗೆ ಬಾಗೋದೂ ಕಮ್ಮಿ ಆಗುತ್ತೆ. ಸಾಗವಾನಿ ಆದ್ರೆ ಅಂಟು ಹಚ್ಚೋ ಮುಂಚೆ ಆ ಮುಖವನ್ನ ತಿನ್ನರ್ ಬಟ್ಟೇಲಿ ಒರೆಸಬೇಕು, ಎಣ್ಣೆ ಇರೋದ್ರಿಂದ ಅಂಟು ಹಿಡಿಯಲ್ಲ. ದಿಮ್ಮಿ ಲೆಕ್ಕದಲ್ಲಿ ತಗೊಳೋದಾದ್ರೆ ಸುತ್ತಳತೆಯ ಕಾಲುಭಾಗವನ್ನ ಅದರಿಂದಲೇ ಗುಣಿಸಿ ಉದ್ದದಿಂದ ಗುಣಿಸ್ತಾರೆ, ಸೀಳಿದ ಮೇಲೆ ಹೋಗೋ ತೊಗಟೆ, ಬಿಳಿ, ಹೊಟ್ಟು ಎಲ್ಲಾ ನಿಮ್ಮ ತಲೆ ಮೇಲೆ, ಅದನ್ನ ಲೆಕ್ಕ ಹಾಕಿ ರೇಟು ಹೋಲಿಸಿ.

ಬಿಲ್ಲು ಇಲ್ಲದ ಮರ ಕಮ್ಮಿಗೆ ಸಿಗುತ್ತೆ ಅಂದ್ರೆ ಕೈ ಹಾಕಬೇಡಿ. ಕಾಡು ಮರ ಸಾಗಿಸೋಕೆ ಅರಣ್ಯ ಇಲಾಖೆ ಪಾಸ್ ಬೇಕು, ದಾರೀಲಿ ಹಿಡಿದ್ರೆ ಮರನೂ ಹೋಗುತ್ತೆ ಗಾಡಿನೂ ಹೋಗುತ್ತೆ. ಸ್ವಂತ ಜಮೀನಿನ ಮರ ಆದ್ರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಕಡಿಯೋಕೆ ಅನುಮತಿ ಬೇಕು, ಸಿಲ್ವರ್ ಓಕ್ ತರದ ಕೆಲವು ಜಾತಿಗೆ ವಿನಾಯಿತಿ ಇದೆ. ಕೊಡಲಿ ಹಾಕೋ ಮುಂಚೆ ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರೀಲಿ ಕೇಳ್ಕೊಳ್ಳಿ.

ಆರನೇ ಹೆಜ್ಜೆ: ಕೂರಿಸೋದು, ಪಾಲಿಶ್

ಮರ ಮನೆಗೆ ಬಂದ ದಿನಾನೇ ಕೆಲಸ ಶುರು ಮಾಡಿಸಬೇಡಿ. ಮೆಟ್ಟಿಲು ಇರೋ ಅದೇ ಹಾಲಲ್ಲಿ ಎರಡ್ಮೂರು ವಾರ ಪಟ್ಟಿ ಕೊಟ್ಟು ಪೇರಿಸಿಡಿ, ಆ ಮನೆ ಗಾಳಿಗೆ ಹೊಂದ್ಕೊಳ್ಳಲಿ. ಕಾಂಕ್ರೀಟ್ ಮೇಲೆ ಹೊದಿಸೋದಾದ್ರೆ ಅದರ ತೇವವೂ ನೋಡಬೇಕು, ಒಂದು ಚದರಡಿ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪ್ ಹಚ್ಚಿ ಒಂದು ದಿನ ಬಿಟ್ಟು ತೆಗೀರಿ, ಒಳಗೆ ಹನಿ ಕಂಡ್ರೆ ಇನ್ನೂ ಕಾಯಿರಿ. ಎಲ್ಲರೂ ಮೇಲ್ಮೈಗೆ ಮಾತ್ರ ಪಾಲಿಶ್ ಮಾಡಿಸ್ತಾರೆ, ಹಲಗೆ ಅಡಿ ಭಾಗ ಹಸಿಹಸಿ ಬಿಡ್ತಾರೆ, ಆಗ ಕೆಳಗಿಂದ ತೇವ ಕುಡಿದು ಹಲಗೆ ಬಾಗುತ್ತೆ. ಆರೂ ಮುಖಕ್ಕೂ, ತೂತು ಕೊರೆದ ಜಾಗಕ್ಕೂ ಸೀಲರ್ ಹೋಗಬೇಕು, ಇದನ್ನ ಪಕ್ಕದಲ್ಲಿ ನಿಂತು ಮಾಡಿಸಿ. ಕಬ್ಬಿಣದ ಫ್ರೇಮಿಗೆ ಮೊದಲು ರೆಡ್ ಆಕ್ಸೈಡ್ ಬಳಿಸಿ, ತೇವ ಇದ್ದಾಗ ಕಬ್ಬಿಣ ತಾಗಿದ್ರೆ ಸಾಗವಾನಿ, ಓಕ್ ಎರಡೂ ಕಪ್ಪು ಕಲೆ ಬಿಡುತ್ತೆ. ಫ್ರೇಮಲ್ಲಿ ಸ್ಕ್ರೂ ತೂತು ದುಂಡಗೆ ಬೇಡ, ಹಲಗೆ ಅಗಲದ ದಿಕ್ಕಿಗೆ ಉದ್ದುದ್ದ ಕೊರೆಸಿ, ಮರ ಉಬ್ಬಿ ಕುಗ್ಗೋಕೆ ದಾರಿ ಬೇಕು. ದುಂಡು ತೂತಲ್ಲಿ ಬಿಗಿಯಾಗಿ ಕಟ್ಟಿ ಹಾಕಿದ ಹಲಗೆನೇ ನಮ್ಮನೇಲಿ ಮೊದಲು ಸೀಳಿದ್ದು.

ಪಾಲಿಶ್ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಕನ್ನಡಿಯಂಗೆ ಹೊಳೆಯೋ ಗ್ಲಾಸ್ ಫಿನಿಶ್ ಮೆಟ್ಟಿಲಿಗೆ ಬೇಡ. ಸಾಕ್ಸ್ ಹಾಕಿರೋ ಮಗು, ಸ್ನಾನ ಮಾಡಿ ಒದ್ದೆ ಕಾಲಲ್ಲಿ ಬರೋ ಅಜ್ಜಿ, ಇವರಿಬ್ಬರನ್ನ ನೆನೆಸ್ಕೊಂಡು ಹೊಳಪಿಲ್ಲದ ಮ್ಯಾಟ್ ಪಿಯು (ಪಾಲಿಯುರೆಥೇನ್) ಕೋಟಿಂಗ್ ಹಾಕಿಸಿ, ಮುಂದಿನ ಅಂಚಿಂದ ಒಂದಿಂಚು ಒಳಗೆ ಎರಡು ಮೂರು ಸಣ್ಣ ಗೀರು ಹೊಡೆಸಿ ಇಲ್ಲ ಆ್ಯಂಟಿ ಸ್ಕಿಡ್ ಪಟ್ಟಿ ಹಾಕಿಸಿ. ಮೆಟ್ಟಿಲಿಗೂ ರೈಸರಿಗೂ ಬೇರೆ ಬೇರೆ ಬಣ್ಣ ಇದ್ರೆ ಕಣ್ಣು ಮಂದ ಇರೋರಿಗೆ ಅಂಚು ಎಲ್ಲಿದೆ ಅಂತ ಗೊತ್ತಾಗುತ್ತೆ. ನಾವು ರೈಸರಿಗೆ ಬಿಳಿ ಪೇಂಟ್ ಮಾಡಿಸಿದೀವಿ, ಅಮ್ಮ ಈಗ ರಾತ್ರಿ ಲೈಟ್ ಹಾಕದೆನೂ ಇಳೀತಾರೆ, ಹಾಕಿ ಅಂತ ನಾನು ಗಲಾಟೆ ಮಾಡ್ತೀನಿ ಅದು ಬೇರೆ.

ಕೆಲಸ ಮುಗಿದ ಮೇಲೆ ಉಳಿದ ಹಲಗೆ ಕೊಟ್ಟುಬಿಡಬೇಡಿ. ಅದೇ ಲಾಟಿನ ಎರಡು ಹಲಗೆ, ಅದೇ ಪಾಲಿಶ್ ಹೊಡೆದು, ಹಿಂದೆ ಚಾಕ್‌ಪೀಸಲ್ಲಿ ಮರದ ಹೆಸರು, ತಗೊಂಡ ತಿಂಗಳು, ಪಾಲಿಶ್ ಯಾವುದು ಅಂತ ಬರೆದು ಅಟ್ಟದಲ್ಲಿಡಿ. ಹತ್ತು ವರ್ಷ ಆದ್ಮೇಲೆ ಒಂದು ಮೆಟ್ಟಿಲು ಬದಲಾಯಿಸಬೇಕಾದ್ರೆ ಅದೇ ಬಣ್ಣದ ಮರ ಹುಡುಕ್ಕೊಂಡು ಊರೂರು ಅಲೆಯೋದು ತಪ್ಪುತ್ತೆ.